ಇಪ್ಪತ್ತು ನಿಮಿಷದ ಬಿಸಿಲು

ಲೋಕಕ್ಕೆಲ್ಲ ಕಣ್ಣಾಗಿರುವ ಆದಿತ್ಯನಿಗೆ ನಮಿಸಿ ಈ ಕಥೆಯನ್ನು ಹೇಳುವೆನು.

ಮುಗಿಲೆತ್ತರದ ಕಟ್ಟಡಗಳು ಸೂರ್ಯನನ್ನು ಮರೆಮಾಡಿದ್ದ ಆ ಪಟ್ಟಣದಲ್ಲಿ, ಕಟ್ಟುವವರು ಪುರಸಭೆಗೆ ಬಿಸಿಲನ್ನೇ ಸುಂಕವಾಗಿ ತೆರುತ್ತಿದ್ದರು. ತಾರಸಿಯ ಕನ್ನಡಿಗಳು ಅದನ್ನು ಮಂಜೂರಾದ ಸ್ಥಳಕ್ಕೆ ಹೊರಳಿಸುತ್ತಿದ್ದವು. ಅಂಗನವಾಡಿಯ ಭಾಗೀರಥಮ್ಮ, ಬಿಸಿಲು ಕಾಣದೆ ಕಾಲು ಸೊಟ್ಟಗಾಗುತ್ತಿದ್ದ ಮಕ್ಕಳಿಗಾಗಿ ಆರು ವರ್ಷದಿಂದ ಅರ್ಜಿ ಸಲ್ಲಿಸುತ್ತಿದ್ದಳು.

“ಮಂಜೂರಾಗಿದೆ ಟೀಚರಮ್ಮ, ದಿನಕ್ಕೆ ಇಪ್ಪತ್ತು ನಿಮಿಷ,” ಎಂದನು ಗುಮಾಸ್ತ ಚನ್ನವೀರಯ್ಯ. “ಹೊಸ ಕಟ್ಟಡ ಏಳಲಿ, ಅದರ ಸುಂಕದಲ್ಲಿ ನಿಮ್ದೇ ಮೊದಲು.”

“ಎಲ್ಲಿ ಕಟ್ತಾರೆ ಸ್ವಾಮಿ?”

ಅವನು ಕಡತದಿಂದ ತಲೆಯೆತ್ತಲಿಲ್ಲ. “ನಿಮ್ಮ ಅಂಗನವಾಡಿ ಕೆಡವಿ, ಆ ಜಾಗದಲ್ಲೇ. ಬಿಸಿಲಿನ ಆದೇಶದಲ್ಲೂ ಆ ಸರ್ವೆ ನಂಬರೇ ಇದೆ. ಬಿಸಿಲು ಆ ಹೊಸ ಕಟ್ಟಡದ ತಾರಸಿಗೇ ಬೀಳುತ್ತೆ.”

“ಮಕ್ಕಳು?”

“ಇಲ್ಲಿ ರುಜು ಹಾಕಿ. ಹಾಕ್ದಿದ್ರೆ ಇದೂ ರದ್ದಾಗುತ್ತೆ.”

ಭಾಗೀರಥಮ್ಮ ರುಜು ಹಾಕಿದಳು.

ಈ ಕಥೆಯನ್ನು ಕೇಳಿದವರೆಲ್ಲರ ಮಕ್ಕಳ ಮೈಮೇಲೆ ಬಿಸಿಲು ಬೀಳಲಿ, ಸರ್ವರಿಗೂ ಮಂಗಳವಾಗಲಿ.