ಸವತಿಯ ದನಿ

"ನೋಡು, ಹಳೇ ರೇಡಿಯೊ ಇದ್ದ ಹಾಗೇ ಇದೆ. ಒಳಗಿನ ಕರುಳು ಮಾತ್ರ ಹೊಸದು. ಸ್ಪೀಕರೆಲ್ಲ ಸೀಟಿನ ಕೆಳಗೆ ಬಚ್ಚಿಟ್ಟಿದ್ದೀನಿ," ಎಂದು ಗಂಡ ಕಾರಿನ ಬಾಗಿಲಲ್ಲಿ ಬಗ್ಗಿ ನಿಂತು ಡ್ಯಾಶ್‌ಬೋರ್ಡ್ ಒರೆಸಿದ, ಮಗುವಿನ ಕೆನ್ನೆ ಒರೆಸುವಷ್ಟು ಮೆತ್ತಗೆ. ಮುಂದಿನ ಉದ್ದನೆಯ ಸೀಟಿನಲ್ಲಿ ಕುಳಿತಿದ್ದ ಹೆಂಡತಿಗೆ ಮೈಯೆಲ್ಲ ಉರಿಯಿತು. ಈ ಅಜ್ಜನ ಕಾಲದ ಕಾರು ಬಂದ ಮೇಲೆ, ತಟ್ಟೆಗೆ ಬಡಿಸಿದ್ದು ಆರಿ ತಣ್ಣಗಾದರೂ ಅವನಿಗೆ ಪರಿವೆ ಇರುತ್ತಿರಲಿಲ್ಲ.

"ಎಲ್ಲೂ ಒಂದು ತೂತು ಕೊರೆದಿಲ್ಲ. ವಯಸ್ಸಾಗಿರೋದೇ ಇದಕ್ಕೆ ಚೆಂದ," ಎಂದ. ಅವಳ ನರೆಗೂದಲು ಕಂಡು ಮೊನ್ನೆ ತಾನೇ "ಬಣ್ಣ ಹಚ್ಕೋಬಾರದಾ?" ಎಂದಿದ್ದ ಬಾಯಿ ಅದು.

"ನನಗೊಂದು ನ್ಯಾಯ, ನನ್ನ ಸವತಿಗೊಂದು ನ್ಯಾಯ," ಎಂದಳು. ಅವನು ನಕ್ಕು ಗುಂಡಿ ತಿರುಗಿಸಿದ. ಹಾಡು ಶುರುವಾಯಿತು. ಹಾಡುವವಳು ಉಸಿರೆಳೆದುಕೊಳ್ಳುವುದೂ ಕೇಳಿಸುವಷ್ಟು ಚೆನ್ನಾಗಿತ್ತು. ಅದಕ್ಕೇ ಅವಳ ಹೊಟ್ಟೆಕಿಚ್ಚು ಇನ್ನಷ್ಟು ಹೆಚ್ಚಿತು.

"ಹೇಗಿದೆ ಹೇಳೇ?" ಅವನು ಅವಳ ಮುಖವನ್ನೇ ನೋಡುತ್ತಿದ್ದ. ಹಾಗೆ ನೋಡಿ ಎಷ್ಟು ಕಾಲವಾಗಿತ್ತೋ. ಚೆನ್ನಾಗಿದೆ ಎಂದುಬಿಟ್ಟರೆ ಆ ಕಣ್ಣು ಮತ್ತೆ ಡ್ಯಾಶ್‌ಬೋರ್ಡಿಗೇ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು.

"ಈ ಕಡೆ ಏನೂ ಕೇಳಿಸ್ತಾನೇ ಇಲ್ಲ."

"ನನಗೆ ಇಲ್ಲಿಗೇ ಕೇಳ್ತಾ ಇದೆಯಲ್ಲೇ!"

"ಅಲ್ಲಿ ನಿಂತು ಹೇಳಿದ್ರೆ ಆಯ್ತಾ? ಇಲ್ಲಿ ಕೂತು ಕೇಳಿ."

ಅವಳು ಸರಿದು ಜಾಗ ಕೊಟ್ಟಳು. ಅವನು ಒರೆಸುವ ಬಟ್ಟೆಯನ್ನು ಹೊರಗೇ ಬಿಟ್ಟು ಒಳಗೆ ಬಂದು, ಅವಳ ತಲೆಗೆ ತಲೆ ತಾಗಿಸಿ ಕಿವಿಗೊಟ್ಟ.

"ಆತುರ ಬೇಡ, ಪೂರ್ತಿ ಕೇಳಿ," ಎಂದು ಅವಳು ಅವನನ್ನು ದಾಟಿ ಕೈ ಚಾಚಿ, ಬಾಗಿಲು ಎಳೆದುಕೊಂಡಳು.