ಮಾರ್ಚ್ ಹದಿನಾಲ್ಕು

ಡೆಟ್ರಾಯಿಟ್‌ನಿಂದ ಸೇತುವೆ ದಾಟಿ ಕೆನಡಾಕ್ಕೆ ಹೋಗಲು ಕಾರಿಗೆ ಹತ್ತು ಡಾಲರ್ ಸಾಕು. ಆದರೆ ಅಮೆರಿಕದಿಂದ ಬಂದವರು ಅಲ್ಲಿ ಆಶ್ರಯ ಕೇಳಲು ಹತ್ತಿರದ ಬಂಧು ಅಲ್ಲಿರಬೇಕು. ಅಲ್ಲಿರುವ ತಮ್ಮನ ಅರ್ಜಿಗೆ ತನ್ನ ಅರ್ಜಿ ಗಡಿಯಲ್ಲಿ ತಾಳೆಯಾಗದಿದ್ದರೆ, ಅಫ್ಘಾನಿಸ್ತಾನದ ಜರ್ಗುನಾ ಮತ್ತೆಂದೂ ಆ ದೇಶದಲ್ಲಿ ಆಶ್ರಯ ಕೇಳುವಂತಿರಲಿಲ್ಲ. ಅದಕ್ಕೇ ನಿರಾಶ್ರಿತರಿಗೆ ನೆರವಾಗುವ ಎರಡೂ ದಡದ ಚರ್ಚಿನವರು ಹೊರಡುವ ಮುನ್ನ ಫೋನಿನಲ್ಲಿ ಅರ್ಜಿಗಳನ್ನು ಓದಿ ನೋಡುತ್ತಿದ್ದರು. ಅವಳ ಅರ್ಜಿ ತುಂಬಿಸಿ, ಷಿಕಾಗೋ ಬಳಿಯ ಶಾಮ್‌ಬರ್ಗ್‌ನಿಂದ ಕರೆತಂದ ಷಹನಾಜ್ ಈಚೆ. ಮಂಗಳೂರಿನ ಗ್ರೇಸಿ ಆಂಟಿ ಆಚೆ, ವಿಂಡ್ಸರ್‌ನಲ್ಲಿ.

“ತಮ್ಮ ಬರೆದದ್ದರಲ್ಲಿ ಅಕ್ಕ ಹುಟ್ಟಿದ್ದು ಜನವರಿ ಒಂದು. ನೀನು ತುಂಬಿಸಿದ್ದರಲ್ಲಿ ಮಾರ್ಚ್ ಹದಿನಾಲ್ಕು ಎಂತಕ್ಕೆ ಮಾರಾಯ್ತಿ?” ಗ್ರೇಸಿ ಆಂಟಿ ಕೇಳಿದರು.

“ಅಕ್ಕ ತಮ್ಮ ಇಬ್ರದ್ದೂ ಜನವರಿ ಒಂದೇ ಆಂಟಿ, ಅವರಲ್ಲಿ ಹುಟ್ಟಿದ ದಿನ ಗೊತ್ತಿಲ್ದವ್ರಿಗೆಲ್ಲ ಅದನ್ನೇ ಬರೀತಾರೆ. ಯಾರೂ ನಂಬಲ್ಲ ಅಂತ ನಾನೇ ಬೇರೆ ಹಾಕಿಸ್ದೆ.”

“ನಿನ್ನ ಹುಟ್ಟಿದ ದಿನ ಯಾವಾಗ?”

“ಜೂನ್ ಒಂದು.”

“ಶಾಲೆಗೆ ಸೇರಿಸುವಾಗ ಮೇಷ್ಟ್ರು ಹಾಕಿದ್ದಲ್ವಾ? ಅದನ್ನು ತಿದ್ದಿದ್ದೀಯಾ?”

ಷಹನಾಜ್ ಅರ್ಜಿಯ ಕೊನೆಯ ಪುಟ ತಿರುವಿದಳು. ಜರ್ಗುನಾ ಪ್ರಮಾಣ ಮಾಡಿ ಸಹಿ ಹಾಕಿದ ಅರ್ಜಿ ಅದು. ಷಿಕಾಗೋದ ವಕೀಲರೇ ಮತ್ತೆ ಬರೆಯಬೇಕು, ಅದಕ್ಕೆ ಎರಡು ವಾರ. ಸೋಮವಾರವೇ ಜರ್ಗುನಾ ಇಲ್ಲಿನ ವಲಸೆ ಕಚೇರಿಗೆ ಹಾಜರಾಗಬೇಕಿತ್ತು. ಈಚೆಗೆ ಅಲ್ಲಿಗೆ ಹೋದವರಲ್ಲಿ ಹಲವರು ಬಂಧನಕ್ಕೊಳಗಾಗಿ ಮನೆಗೆ ಮರಳುತ್ತಿರಲಿಲ್ಲ.

ಷಹನಾಜ್ ಉರ್ದುವಿನಲ್ಲಿ ತನ್ನ ತಪ್ಪನ್ನು ಹೇಳಿಕೊಂಡಳು. ಜರ್ಗುನಾ ಬೈಯಲಿಲ್ಲ, ಹೊರಡಲೆಂದು ತೊಟ್ಟಿದ್ದ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಕೆನಡಾದ ಒಂದೇ ಅವಕಾಶ ಕೈತಪ್ಪದೆ ಉಳಿಯಿತು. ಸೋಮವಾರಕ್ಕೆ ಮುಂಚೆ ತಮ್ಮನನ್ನು ಸೇರುವ ದಾರಿ ಮುಚ್ಚಿತು.