ಹೊರಗೆ ಹೋಗದ ಮಾತು

ಆರೋಗ್ಯ ಸಮೀಕ್ಷೆಗೆಂದು ಮನೆಗೆ ಬಂದಿದ್ದ ಹೆಣ್ಣುಮಗಳು ಕೊನೆಯ ಪ್ರಶ್ನೆಗೆ ಮುನ್ನ ಮನೆಯಾಕೆಯ ಗಂಡನನ್ನು ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿದಳು.

“ನಿಮ್ಮ ಯಜಮಾನ್ರು ಯಾವಾಗರೆ ಕೈ ಮಾಡ್ಯಾರೇನವ್ವಾ? ಇಲ್ಲಿ ಹೇಳಿದ್ದು ಹೊರಗ ಹೋಗೂದಿಲ್ಲ.”

ಹೆಂಡತಿ ಬಾತುಕೊಂಡಿದ್ದ ಮೊಣಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

“ಇಲ್ರಿ ಯಕ್ಕಾ, ಒಂದ್ ದಿನಾನೂ ಇಲ್ಲ. ಹಂಗ ಬರಕೋರಿ.”

ಹಾಗೆಯೇ ಬರೆದುಕೊಂಡು ಅವಳು ಹೊರಗೆ ಬಂದಳು. ಗಂಡ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದ. ನಗುತ್ತಲೇ ಕೇಳಿದ: “ಏನ್ ಹೇಳಿದ್ಲ್ರಿ ನಮ್ಮಾಕಿ?”

ತರಬೇತಿಯಲ್ಲಿ ಕಲಿಸಿದ ಮಾತೇ ಅವಳ ಬಾಯಿಗೆ ಬಂತು.

“ಅದನ್ನ ಯಾರಿಗೂ ಹೇಳೂ ಹಂಗಿಲ್ರಿ ಅಣ್ಣಾರ. ಗುಟ್ಟಿನ ಮಾತು.”

“ಹೌದಾ? ಅಂದ್ರ ಎಲ್ಲಾ ಹೇಳ್ಯಾಳ.”

ಅವನು ಎದ್ದು ಒಳಗೆ ಹೋಗಿ ಚಿಲಕ ಹಾಕಿಕೊಂಡ.